ಅಣೆಕಟ್ಟು ತುಂಬಿದೆ, ಕಾಲುವೆ ಕಿರಿದು

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಜಿಬಿ?’ ಅಂತ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಅಷ್ಟೇ, ಪುಣೆಯ ಅಂಗಡಿಗಳಲ್ಲೂ ಅಷ್ಟೇ. ಆಟ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದಕ್ಕೆ ಆ ಅಂಕಿ ಅರ್ಧ ಉತ್ತರವೂ ಅಲ್ಲ. ಪುಣೆಯವರಿಗೆ ಖಡಕವಾಸಲಾ ಅಣೆಕಟ್ಟು ಗೊತ್ತಿದೆ. ಅಣೆಕಟ್ಟಿನಲ್ಲಿ ನೀರೆಷ್ಟಿದೆ ಎಂಬುದು ಒಂದು ಮಾತು, ಕಾಲುವೆ ಎಷ್ಟು ನೀರು ಹರಿಸಬಲ್ಲದು ಎಂಬುದು ಬೇರೆಯೇ ಮಾತು. ಜಿಬಿ ಹೇಳುವುದು ಅಣೆಕಟ್ಟಿನ ಲೆಕ್ಕ. ಕಾಲುವೆಯ ಲೆಕ್ಕಕ್ಕೆ ಮೆಮೊರಿ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಚಿಪ್ಪಿಗೂ ಮೆಮೊರಿಗೂ ನಡುವಿನ ಹಾದಿ, ಅಂದರೆ ಬಸ್, ಎಷ್ಟು ಬಿಟ್ ಅಗಲವಿದೆಯೋ ಅದನ್ನು ಪ್ರತಿ ಪಿನ್‌ನ ವೇಗದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಅದು ಸಿಗುತ್ತದೆ. 12 ಜಿಬಿಯ ಆರ್‌ಟಿಎಕ್ಸ್ 3060ರಲ್ಲಿ 192 ಬಿಟ್, 15 ಗಿಗಾಬಿಟ್. ಅಂದರೆ ಸೆಕೆಂಡಿಗೆ 360 ಜಿಬಿ. 2022ರಲ್ಲಿ ಅದೇ ಹೆಸರಿನಲ್ಲಿ ಬಂದ 8 ಜಿಬಿ ಕಾರ್ಡಿನ ಬಸ್ 128 ಬಿಟ್, ಹರಿವು 240 ಜಿಬಿ. ಜನ ನಾಲ್ಕು ಜಿಬಿ ಹೋಯಿತೆಂದು ಬೇಸರಪಟ್ಟರು. ಹರಿವಿನಲ್ಲಿ ಮೂರನೇ ಒಂದು ಪಾಲೇ ಹೋಗಿತ್ತು.

ಇದಕ್ಕಿಂತ ನಿಚ್ಚಳವಾದ ಸಾಕ್ಷಿ ಜಿಟಿ 1030. ಕಡಿಮೆ ದುಡ್ಡಿನಲ್ಲಿ ಪಿಸಿ ಕಟ್ಟುವವರ ಕಾರ್ಡ್ ಅದು. 2017ರಲ್ಲಿ ಬಂದಾಗ ಅದರಲ್ಲಿದ್ದದ್ದು ಜಿಡಿಡಿಆರ್5 ಮೆಮೊರಿ, ಹರಿವು 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ, ಅದೇ 384 ಕೋರ್‌ಗಳೊಂದಿಗೆ, ಅದೇ 2 ಜಿಬಿಯೊಂದಿಗೆ ಡಿಡಿಆರ್4 ಕಾರ್ಡ್ ಬಂತು, ಹರಿವು 16.8 ಜಿಬಿ. ಒಂದು ಚೌಕಟ್ಟಿನ (ಫ್ರೇಮ್) ಮಟ್ಟಕ್ಕೆ ಇಳಿಸಿ ನೋಡೋಣ. ಸೆಕೆಂಡಿಗೆ 60 ಚೌಕಟ್ಟು ಬೇಕೆಂದರೆ ಹಳೆಯ ಕಾರ್ಡಿಗೆ ಪ್ರತಿ ಚೌಕಟ್ಟಿಗೂ 800 ಎಂಬಿ ಓಡಾಟದ ಅವಕಾಶ, ಹೊಸದಕ್ಕೆ 280. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. ಪ್ರತಿಯೊಂದರ ಬಣ್ಣವನ್ನು ಒಮ್ಮೆ ಬರೆಯಲು 8 ಎಂಬಿ ಸಾಕು. ಆದರೆ ಗೋಡೆಯ ಹಿಂದೆ ಮರ, ಮರದ ಹಿಂದೆ ಬೆಟ್ಟ ಎಂದು ಒಂದೇ ಪಿಕ್ಸೆಲನ್ನು ಹಲವು ಸಲ ಬರೆಯಬೇಕು, ಆಳದ ಲೆಕ್ಕ ಓದಬೇಕು, ನೆರಳು ಕೂರಿಸಬೇಕು, ಎಲ್ಲಕ್ಕೂ ಟೆಕ್ಸ್ಚರ್ ತರಬೇಕು. 280 ಎಂಬಿ ಕಣ್ಣುಮುಚ್ಚಿ ಬಿಡುವುದರೊಳಗೆ ಮುಗಿದುಹೋಗುತ್ತದೆ, ಕೋರ್‌ಗಳು ಕೈಕಟ್ಟಿ ಕೂರುತ್ತವೆ. ಅನೇಕ ಆಟಗಳಲ್ಲಿ ಈ ಎರಡನೆಯ ಕಾರ್ಡಿನ ವೇಗ ಮೊದಲನೆಯದರ ಅರ್ಧದ ಆಸುಪಾಸಿಗೆ ಇಳಿಯಿತು. ಎರಡಕ್ಕೂ ಒಂದೇ ಹೆಸರಿಟ್ಟು ಮಾರಿದ್ದು ಗ್ರಾಹಕನಿಗೆ ಮಾಡಿದ ಅನ್ಯಾಯ.

ಹಾಗಾದರೆ ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿತ ವೇಗಕ್ಕಿಂತ ಮೇಲೆ ಓಡಿಸಿ, ಸರಿಪಡಿಸಬಹುದಲ್ಲ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಲಿ. 3060ರ ಮೆಮೊರಿಯನ್ನು 15ರಿಂದ 16 ಗಿಗಾಬಿಟ್‌ಗೆ ಏರಿಸಿದರೆ ಹರಿವು 384 ಜಿಬಿ ಆಗುತ್ತದೆ, ಅಂದರೆ ಶೇ 6.7 ಹೆಚ್ಚಳ, ಆಟದಲ್ಲಿ ಸಿಗುವುದು ಅದಕ್ಕಿಂತಲೂ ಕಡಿಮೆ. ಅಗಲ ಕಳೆದುಕೊಂಡದ್ದನ್ನು ವೇಗದಿಂದ ತುಂಬಿಸಲಾಗದು. ಪ್ರತ್ಯೇಕ ಕಾರ್ಡಿಲ್ಲದೆ ರೈಜನ್ 5600ಜಿಯಂಥ ಚಿಪ್ಪಿನಲ್ಲೇ ಆಡುವವರಿಗಂತೂ ಇದು ಇನ್ನೂ ನಿಜ, ಅಲ್ಲಿ ಗ್ರಾಫಿಕ್ಸಿಗೂ ಕಂಪ್ಯೂಟರಿನ ರ‍್ಯಾಮೇ ಗತಿ. ಒಂದೇ 3200ರ ರ‍್ಯಾಮ್ ಕಡ್ಡಿಯಿದ್ದರೆ 25.6 ಜಿಬಿ, ಜೋಡಿ ಹಾಕಿದರೆ 51.2. ಯಾವ ಓವರ್‌ಕ್ಲಾಕೂ ಕೊಡದ ಲಾಭವನ್ನು ಎರಡನೆಯ ಕಡ್ಡಿ ಕೊಡುತ್ತದೆ. 16 ಜಿಬಿಯ ಒಂದರ ಬದಲು 8ರ ಎರಡು ಹಾಕಿಕೊಡಿ ಎಂದು ಕೇಳುವ ಗ್ರಾಹಕರು ಹೆಚ್ಚಬೇಕು.

ಮೆಮೊರಿ ಓವರ್‌ಕ್ಲಾಕ್ ವ್ಯರ್ಥವೆಂದು ಇದರರ್ಥವಲ್ಲ. ಹರಿವಿಗೆ ಬಾಯಾರಿದ ಕಾರ್ಡುಗಳಲ್ಲಿ ಅದು ಪುಕ್ಕಟೆ ಸಿಗುವ ಲಾಭ. ಈಗಿನ ಕಾರ್ಡುಗಳಲ್ಲಿ ಕೋರ್ ತಾನಾಗಿಯೇ ಬೂಸ್ಟ್ ಆಗಿ ಮಿತಿಯ ಹತ್ತಿರ ನಿಂತಿರುತ್ತದೆ, ಅಲ್ಲಿ ಹಿಂಡಲು ಹೆಚ್ಚೇನೂ ಉಳಿದಿರುವುದಿಲ್ಲ. ಆದರೆ ಪರದೆ ಚುಕ್ಕೆಚುಕ್ಕೆಯಾಗುವ ತನಕ ಏರಿಸುವುದು ತಪ್ಪು ಅಳತೆ. ಜಿಡಿಡಿಆರ್5ರಿಂದೀಚೆಗೆ ಮೆಮೊರಿಯ ಹಾದಿಯಲ್ಲಿ ದೋಷ ಪತ್ತೆಯ ವ್ಯವಸ್ಥೆಯಿದೆ. ಕೆಟ್ಟು ಬಂದ ದತ್ತಾಂಶವನ್ನು ಮತ್ತೆ ತರಿಸಿಕೊಳ್ಳುತ್ತದೆ, ಅದರಲ್ಲೇ ಹೊತ್ತು ಹೋಗುತ್ತದೆ. ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಕ್ಲಾಕ್ ಏರಿರುತ್ತದೆ, ಸೆಕೆಂಡಿನ ಚೌಕಟ್ಟುಗಳ ಲೆಕ್ಕ, ಅಂದರೆ ಎಫ್‌ಪಿಎಸ್, ಮಾತ್ರ ಇಳಿದಿರುತ್ತದೆ. ಒಂದೇ ದೃಶ್ಯವನ್ನು ಮತ್ತೆ ಮತ್ತೆ ಓಡಿಸಿ, ಎಫ್‌ಪಿಎಸ್ ಏರುವುದು ನಿಂತ ಕಡೆ ನಿಲ್ಲಿಸಬೇಕು. ಅದನ್ನೂ ಡಿಸೆಂಬರಿನ ಚಳಿಯಲ್ಲಲ್ಲ, 40 ಡಿಗ್ರಿ ಮುಟ್ಟುವ ಪುಣೆಯ ಏಪ್ರಿಲ್ ಮಧ್ಯಾಹ್ನದಲ್ಲಿ ನೋಡಬೇಕು.

ಚಿಪ್ಪಿನೊಳಗಿನ ಪುಟ್ಟ ವೇಗದ ಮೆಮೊರಿಯಾದ ಕ್ಯಾಶ್ ದೊಡ್ಡದಾದ ಮೇಲೆ ಬಸ್ಸಿನ ಅಗಲ ಹಳೆಯ ಮಾತಾಯಿತು ಎಂಬ ವಾದದಲ್ಲಿ ಹುರುಳಿದೆ. 3060 ಟಿಐಗೆ 448 ಜಿಬಿ ಹರಿವು, 4 ಎಂಬಿ ಕ್ಯಾಶ್. 4060 ಟಿಐಗೆ 288 ಜಿಬಿ, 32 ಎಂಬಿ. ಫುಲ್ ಎಚ್‌ಡಿಯಲ್ಲಿ ಹೊಸದೇ ಮುಂದು. ಪಿಕ್ಸೆಲ್ ನಾಲ್ಕು ಪಟ್ಟಾಗುವ 4ಕೆಯಲ್ಲಿ ಬೇಕಾದದ್ದು ಕ್ಯಾಶಿನೊಳಗೆ ಹಿಡಿಸುವುದಿಲ್ಲ, ಆ ಮುನ್ನಡೆ ಬಹುಪಾಲು ಕರಗುತ್ತದೆ. ಕ್ಯಾಶ್ ಕಾಲುವೆಯ ಮೇಲಿನ ಹೊರೆ ಇಳಿಸುತ್ತದೆ, ಕಾಲುವೆಯನ್ನು ಅಗಲ ಮಾಡುವುದಿಲ್ಲ. ಸೂಪರ್‌ಕಂಪ್ಯೂಟರ್ ಕಟ್ಟುವವರಿಗೂ ಇದು ಗೊತ್ತು. ಪುಣೆಯ ಸಿ-ಡ್ಯಾಕ್‌ನ ಪರಮ್ ಸಿದ್ಧಿ-ಎಐ 2020ರ ನವೆಂಬರಿನಲ್ಲಿ ಜಗತ್ತಿನ ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 63ನೆಯ ಸ್ಥಾನ ಪಡೆಯಿತು. ಅದರೊಳಗಿನ ಎ100 ಚಿಪ್ಪಿನಲ್ಲಿ 40 ಎಂಬಿ ಕ್ಯಾಶ್ ಇದೆ, ಆದರೂ 40 ಜಿಬಿಯ ಮಾದರಿಗೇ ಸೆಕೆಂಡಿಗೆ 1,555 ಜಿಬಿ ಹರಿವನ್ನು ಕೊಟ್ಟಿದ್ದಾರೆ. ವಿಜ್ಞಾನಿಗಳಿಗೆ ಮಾರುವಾಗ ಎದೆತಟ್ಟಿ ಹೇಳುವ ಅಂಕಿಯನ್ನು ಆಟಗಾರನ ಡಬ್ಬದ ಮೇಲೂ ದೊಡ್ಡಕ್ಷರದಲ್ಲಿ ಅಚ್ಚು ಹಾಕಲಿ.

ಅಲ್ಲಿಯವರೆಗೆ ಬಿಲ್ ಮಾಡಿಸುವ ಮುನ್ನ ಬಸ್ ಎಷ್ಟು ಬಿಟ್, ಮೆಮೊರಿ ಯಾವ ಬಗೆಯದು ಎಂದು ಕೇಳಿ. ಜಿಟಿ 1030ರ ಡಬ್ಬದ ಮೇಲೆ ಡಿಡಿಆರ್4 ಎಂದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.