ಮೂಗುಳ್ಳ ಲಾರಿ, ಮೂಗಿಲ್ಲದ ಲಾರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನಜೀವನವನ್ನು ಕುರಿತು ಬರೆಯುವವರು ಅಡಕೆಯ ತೋಟವನ್ನೂ ತುಂಗೆ ಭದ್ರೆಯರನ್ನೂ ಶಾರದಾಪೀಠವನ್ನೂ ಯಥೋಚಿತವಾಗಿ ವರ್ಣಿಸುವರಾದರೂ, ಆ ಅಡಕೆಯನ್ನು ಶಿವಮೊಗ್ಗೆಯ ಮಂಡಿಗೂ ಮಂಗಳೂರಿನ ಹೆಂಚನ್ನು ಇಲ್ಲಿನ ಮನೆಗಳ ಮಾಡಿಗೂ ಮುಟ್ಟಿಸಿದ ವಾಹನವನ್ನು ವಿಮರ್ಶೆಗೆ ಯೋಗ್ಯವಾದ ವಸ್ತುವೆಂದು ಎಣಿಸುವುದು ವಿರಳ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರುಹಳಿಯ ಟ್ರಾಮ್‌ವೇ ಓಡಿದ್ದುಂಟು. ಅದು ನಿಂತುಹೋದ ಬಳಿಕ ಈ ಸೀಮೆಗೆ ಸಾಮಾನು ಬರುವುದಕ್ಕಾಗಲಿ ಇಲ್ಲಿಂದ ಹೋಗುವುದಕ್ಕಾಗಲಿ ಲಾರಿಯೊಂದೇ ಗತಿ. ಹೀಗಿರುವಲ್ಲಿ, ಅಮೆರಿಕದ ಲಾರಿ ಮೇಲೋ ಯೂರೋಪಿನ ಲಾರಿ ಮೇಲೋ ಎಂದು ದೇಶದೇಶಗಳ ಚಾಲಕರು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ವ್ಯಾಜ್ಯವನ್ನು ಈ ತಿರುವುಗಳ ಮುಂದೆ ನಿಲ್ಲಿಸಿ ತೂಗಿ ನೋಡುವುದು ಅಪ್ರಸ್ತುತವೆನಿಸಲಾರದು.

ಎರಡು ಪಂಥಗಳ ಲಕ್ಷಣ ಸುಪರಿಚಿತವಾದದ್ದೇ. ಅಮೆರಿಕದ್ದು ಮೂಗುಳ್ಳ ಲಾರಿ: ಎಂಜಿನ್ನು ಚಾಲಕನ ಮುಂದೆ, ಉದ್ದನೆಯ ಮುಚ್ಚಳದಡಿಯಲ್ಲಿ, ಕೊಠಡಿಯ ಎರಡು ಪಕ್ಕಗಳಲ್ಲಿ ಆಕಾಶಕ್ಕೆ ನೆಟ್ಟ ಹೊಗೆಕೊಳವೆ, ಕಣ್ಣು ಕೋರೈಸುವ ಕ್ರೋಮಿಯಂ ಲೇಪ. 1961ರಲ್ಲಿ ಹುಟ್ಟಿದ ಕೆನ್‌ವರ್ತ್ ಡಬ್ಲ್ಯೂ 900 ಈ ಪಂಥದ ಆದಿಮೂರ್ತಿಗಳಲ್ಲೊಂದು. ಪೀಟರ್‌ಬಿಲ್ಟ್ 379ರ ನೀಳ ಮೂಗಿನ ಅವತಾರದಲ್ಲಿ ಬಂಪರಿನಿಂದ ಕೊಠಡಿಯ ಬೆನ್ನಿನವರೆಗೆ 127 ಅಂಗುಲಗಳಾದುವು. ಮಲಗುವ ಕೋಣೆಯನ್ನು ಇದರಲ್ಲಿ ಲೆಕ್ಕ ಹಿಡಿದಿಲ್ಲ. ಕೊಳ್ಳುವವನು ಎಂಜಿನ್ನು ಕಮಿನ್ಸಿನದೋ ಕ್ಯಾಟರ್‌ಪಿಲ್ಲರಿನದೋ ಎಂದು ತಾನೇ ಆರಿಸಬಹುದಾಗಿದ್ದಿತು. 13 ಅಥವಾ 18 ಗೇರುಗಳ ಪೆಟ್ಟಿಗೆಯಲ್ಲಿ ಹಲ್ಲಿಗೆ ಹಲ್ಲನ್ನು ಕೂಡಿಸುವ ಸಹಾಯಕ ಯಂತ್ರವಿಲ್ಲದ್ದರಿಂದ, ಎಂಜಿನ್ನಿನ ಸ್ವರವನ್ನು ಕೇಳಿಯೇ ಗೇರು ಹಾಕುವುದು ಚಾಲಕನ ವಿದ್ಯೆಯೆನಿಸಿತು. ಯೂರೋಪಿನ ಲಾರಿಯಾದರೋ ಮೂಗಿಲ್ಲದ್ದು. ಎಂಜಿನ್ನಿನ ಮೇಲೆಯೇ ಚಾಲಕನ ಪೀಠ. ಮುಖ ಗೋಡೆಯಂತೆ ಚಪ್ಪಟೆ. 1969ರಿಂದ ಬಂದ ಸ್ಕೇನಿಯಾದ ವಿ-8 ಎಂಜಿನ್ನಾಗಲಿ 1993ರ ವೋಲ್ವೊ ಎಫ್.ಎಚ್. ಆಗಲಿ ಶಕ್ತಿಯಲ್ಲಿ ಯಾರಿಗೂ ಕಡಮೆಯಲ್ಲ. ಆದರೆ ಆ ಶಕ್ತಿ ಮೆರೆಯುವುದಿಲ್ಲ.

ಇದನ್ನು ಎರಡು ಭೂಖಂಡಗಳ ಸ್ವಭಾವಭೇದವೆಂದು ಹೇಳಿಬಿಡುವುದು ಸುಲಭ. ಒಂದು ಕಡೆ ಬಯಲುನಾಡಿನ ಸ್ವಾತಂತ್ರ್ಯಪ್ರಿಯತೆ, ಇನ್ನೊಂದು ಕಡೆ ಹಳೆಯ ನಗರಗಳ ಮಿತವ್ಯಯ ಎಂದು ಬರೆದರೆ ಓದುವುದಕ್ಕೂ ಸೊಗಸು. ವಾಸ್ತವವಾಗಿ ಈ ಮೂಗನ್ನು ಬೆಳೆಸಿದ್ದೂ ಕೊಯ್ದದ್ದೂ ಕಾನೂನಿನ ಅಳತೆಗೋಲು. ಯೂರೋಪಿನಲ್ಲಿ ಎಳೆಯುವ ಲಾರಿಯೂ ಹಿಂದಿನ ಟ್ರೇಲರೂ ಕೂಡಿ ಹದಿನಾರೂವರೆ ಮೀಟರನ್ನು ಮೀರಕೂಡದೆಂಬ ವಿಧಿಯಿರುವುದರಿಂದ, ಮೂಗಿಗೆ ಕೊಟ್ಟ ಪ್ರತಿಯೊಂದು ಅಂಗುಲವೂ ಸರಕಿನಿಂದ ಕಸಿದುಕೊಂಡದ್ದಾಗುತ್ತದೆ. ಅಮೆರಿಕದಲ್ಲಿಯೂ ಹಿಂದೆ ಚಪ್ಪಟೆ ಮುಖದ ಲಾರಿಗಳು ಹೇರಳವಾಗಿಯೇ ಇದ್ದುವು. 1982ರ ಕಾಯಿದೆಯು ಮುಖ್ಯ ಹೆದ್ದಾರಿಗಳಲ್ಲಿ ಟ್ರೇಲರಿನ ಉದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಮುಂದಿನ ಲಾರಿಯನ್ನು ಬಿಟ್ಟುಕೊಟ್ಟ ಮೇಲೆಯೇ ಅಲ್ಲಿ ನೀಳ ಮೂಗಿನ ಏಕಾಧಿಪತ್ಯ ಸ್ಥಾಪಿತವಾಯಿತು. ಒಡೆತನವನ್ನು ನೋಡಿದರಂತೂ ಪಂಥಾಭಿಮಾನಿಗಳು ತಲೆ ತಗ್ಗಿಸಬೇಕಾದೀತು: ಅಮೆರಿಕದ ಫ್ರೈಟ್‌ಲೈನರ್ 1981ರಿಂದ ಜರ್ಮನಿಯ ಡೈಮ್ಲರ್ ಬಳಗಕ್ಕೆ ಸೇರಿದ್ದು, ಮ್ಯಾಕ್ ವೋಲ್ವೊ ಮನೆಯದು, ಪೀಟರ್‌ಬಿಲ್ಟ್ ಕೆನ್‌ವರ್ತ್‌ಗಳ ಯಜಮಾನ ಸಂಸ್ಥೆಯೇ ಹಾಲೆಂಡಿನ ಡಾಫ್ ಲಾರಿಗೂ ಯಜಮಾನ.

ಆಕರ್ಷಣೆ ಮಾತ್ರ ಸುಳ್ಳಲ್ಲ. ಅದರ ಮೂಲವೆಲ್ಲಿ? ಅಮೆರಿಕದ ಲಾರಿಯ ಮೋಹವು ಒಡೆತನದ ಮೋಹ. ತನ್ನ ಲಾರಿಗೆ ತಾನೇ ಧಣಿಯಾದ ಚಾಲಕನಿಗೆ ಅದು ಜೀವನೋಪಾಯವೂ ಮನೆಯೂ ಹೌದು, ನೋಡುವವರ ಮುಂದೆ ಅವನ ಪ್ರತಿಷ್ಠೆಯೂ ಹೌದು. ಅದನ್ನು ಕಟ್ಟಿರುವುದೇ ನೋಡಿಸಿಕೊಳ್ಳುವುದಕ್ಕಾಗಿ. ಯೂರೋಪಿನದನ್ನು ಕಟ್ಟಿರುವುದು ಒಳಗೆ ಕೂರುವವನಿಗಾಗಿ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಲೇಬೇಕು, ಸಾಮಾನ್ಯವಾಗಿ ದಿನಕ್ಕೆ ಒಂಬತ್ತು ಗಂಟೆಗಳಿಗಿಂತ ಹೆಚ್ಚು ಓಡಿಸಕೂಡದು, 90 ಕಿಲೋಮೀಟರ್ ವೇಗವನ್ನು ಯಂತ್ರವೇ ಮೀರಗೊಡದು ಎಂಬ ನಿರ್ಬಂಧಗಳ ನಡುವೆ ದುಡಿಯುವ ಚಾಲಕನಿಗೆ, ಬೆನ್ನು ನೋಯಿಸದ ಆಸನವೂ ಇಳಿಜಾರಿನಲ್ಲಿ ಬ್ರೇಕು ಕಾಯದಂತೆ ತಡೆಯುವ ರಿಟಾರ್ಡರೂ ಅಲ್ಲಿ ಹಕ್ಕಿನಂತೆ ದೊರೆಯುತ್ತವೆ. ಒಂದು ಮಾಲೀಕನ ಲಾರಿ, ಇನ್ನೊಂದು ದುಡಿಮೆಗಾರನ ಲಾರಿ. ನಮ್ಮ ಮಲೆನಾಡಿನ ಚಾಲಕನು ಬಹುಪಾಲು ಸಾಹುಕಾರರೊಬ್ಬರ ಲಾರಿಯನ್ನು ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಪಡೆದು ಓಡಿಸುವವನಾದ್ದರಿಂದ ಅವನಿಗೆ ಆ ಒಡೆತನವೂ ಇಲ್ಲ, ಈ ಹಕ್ಕೂ ಇಲ್ಲ. ಅವನ ಮೆಚ್ಚುಗೆ ಬೇರೊಂದು ನೆಲೆಯಿಂದ ಹುಟ್ಟಬೇಕಾಯಿತು.

ಭಾರತದ ರಸ್ತೆಗಳಿಗೆ ಅಮೆರಿಕದ ಲಾರಿ ಬಂದುದು ಮೊದಲೇ. ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲಿಯೇ ಬೊಂಬಾಯಿಯಲ್ಲಿ ಷೆವ್ರೊಲೆ ವಾಹನಗಳನ್ನು ಜೋಡಿಸತೊಡಗಿತು. ಫೋರ್ಡೂ ಆಮೇಲೆ ಡಾಡ್ಜ್, ಫಾರ್ಗೊಗಳೂ ಬಂದುವು. ಇವೆಲ್ಲ ಪೆಟ್ರೋಲು ಕುಡಿಯುವ, ಕರೆದೊಡನೆ ಓಗೊಡುವ ಚುರುಕು ಯಂತ್ರಗಳು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬೆನ್ನಿಗೆ ಇದ್ದಲಿನ ಒಲೆಯನ್ನು ಕಟ್ಟಿಕೊಂಡು ಏದುಸಿರು ಬಿಡುತ್ತ ಏರು ಹತ್ತಿದ ವಾಹನಗಳ ಕಥೆಯನ್ನು ಹಿರಿಯರು ಹೇಳುತ್ತಿದ್ದರು. ಸಾರಥ್ಯಕ್ಕಿಂತ ಪಾಕಶಾಸ್ತ್ರವೇ ಆಗ ಚಾಲಕನಿಗೆ ಹೆಚ್ಚು ಅಗತ್ಯವಾಗಿದ್ದಿರಬೇಕು. ಬಿಡಿಭಾಗಗಳನ್ನು ತಂದು ಜೋಡಿಸುವುದು ಸಾಲದು, ದೇಶದಲ್ಲಿಯೇ ತಯಾರಿಸಬೇಕೆಂದು ಸರ್ಕಾರ ಪಟ್ಟುಹಿಡಿದಾಗ ಜನರಲ್ ಮೋಟಾರ್ಸೂ ಫೋರ್ಡೂ 1950ರ ದಶಕದ ಮೊದಲ ಭಾಗದಲ್ಲಿ ಗಂಟುಕಟ್ಟಿದುವು. ಆ ತೆರಪಿನಲ್ಲಿ ಯೂರೋಪು ಡೀಸೆಲ್ ಎಂಜಿನ್ನಿನೊಡನೆ ಪ್ರವೇಶಿಸಿತು: 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್‌ನೊಡನೆ ಮಾಡಿಕೊಂಡ ಒಪ್ಪಂದದಿಂದ ಟಾಟಾ ಮರ್ಸಿಡಿಸ್-ಬೆಂಜ್ ಹುಟ್ಟಿತು, ಅಶೋಕ್ ಮೋಟಾರ್ಸ್ ಇಂಗ್ಲೆಂಡಿನ ಲೇಲ್ಯಾಂಡಿನೊಡನೆ ಕೂಡಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು, ಅದರ ಕಾಮೆಟ್ ಲಾರಿ ನಾಡೆಲ್ಲ ಹರಡಿತು. ಸೋಜಿಗವೆಂದರೆ, ಯೂರೋಪು ನಮ್ಮಲ್ಲಿಗೆ ಬಂದದ್ದು ಮೂಗನ್ನು ಇಟ್ಟುಕೊಂಡೇ. ಬೆಂಜ್ ಲಾರಿಗೆ ದುಂಡನೆಯ ಮೂಗಿದ್ದಿತು. 1969ರಲ್ಲಿ ಆ ಮೂಗಿನ ಮೇಲಿನ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ ಅಕ್ಷರ ಬಂದ ಎಷ್ಟೋ ವರ್ಷಗಳ ಮೇಲೂ ಜನ ಅದನ್ನು ಬೆಂಜ್ ಎಂದೇ ಕರೆಯುತ್ತಿದ್ದರು. ಆಮೇಲೆ ಟಾಟಾದ ಅರ್ಧ ಮೂಗಿನ ಎಸ್.ಇ. ಮಾದರಿ ಬಂದಿತು, ಕಡೆಗೆ ಮೂಗೇ ಇಲ್ಲದವು ಬಂದುವು.

ಮೂಗಿನ ಗುಣದೋಷಗಳನ್ನು ಪರೀಕ್ಷಿಸಲು ರಾಷ್ಟ್ರೀಯ ಹೆದ್ದಾರಿ 169ಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ. ಶಿವಮೊಗ್ಗೆಯಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಮೂಲಕ ಕೆರೆಕಟ್ಟೆಯ ಕಾಡನ್ನು ಹೊಕ್ಕು ಕಾರ್ಕಳಕ್ಕೆ ಇಳಿದು ಮಂಗಳೂರನ್ನು ಸೇರುವ ಈ ದಾರಿಗೆ ಹೆದ್ದಾರಿಯೆಂಬ ಹೆಸರು ಅನೇಕ ಕಡೆಗಳಲ್ಲಿ ಸರ್ಕಾರದ ಔದಾರ್ಯವೆಂದೇ ಹೇಳಬೇಕು. ಪಕ್ಕದ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಂತೂ ಭಾರದ ವಾಹನಗಳಿಗೆ ನಿಷಿದ್ಧ. ಲಾರಿ ಓಡುವ ಈ ಹೆದ್ದಾರಿಯಲ್ಲಿಯೂ ಒಂದು ಮಗ್ಗುಲಿಗೆ ಮಳೆಗೆ ಬಿರಿದ ಧರೆ, ಇನ್ನೊಂದು ಮಗ್ಗುಲಿಗೆ ಕಣ್ಣಿಗೆ ಕಾಣದ ಕೊರಕಲು. ಇಂಥಲ್ಲಿ ಮೂಗುಳ್ಳ ಲಾರಿಯ ಚಾಲಕನು ಮುಂಗಾಲಿಗಳ ಹಿಂದೆ ಕುಳಿತು, ಮೂಗಿನ ತುದಿಯನ್ನು ಗುರಿಯಾಗಿಟ್ಟುಕೊಂಡು ತಿರುಗಿಸುತ್ತಾನೆ. ಗಾಲಿ ತಿರುಗಿದ ಮೇಲೆ ಅವನು ತಿರುಗುತ್ತಾನೆ. ಮೂಗಿಲ್ಲದ ಲಾರಿಯಲ್ಲಿ ಇದು ತಲೆಕೆಳಗು: ಗಾಲಿ ರಸ್ತೆಯ ಮೇಲಿರುವಾಗಲೇ ಚಾಲಕನ ದೇಹ ಕೊರಕಲಿನ ಮೇಲೆ ತೂಗುತ್ತಿರುತ್ತದೆ, ಹೊಸಬನಿಗೆ ಎದೆ ನಡುಗಿದರೆ ಆಶ್ಚರ್ಯವಿಲ್ಲ. ಆದರೂ ಅವನಿಗೆ ಗಾಲಿಯ ಮುಂದಿನ ಮೊಳದಷ್ಟು ನೆಲವೂ, ತಿರುವಿನಲ್ಲಿ ಎದುರಾಗುವ ಬೈಕೂ ಕಾಣುತ್ತವೆ. ಅಲ್ಲದೆ ಅಷ್ಟೇ ಉದ್ದದ ಲಾರಿಯಲ್ಲಿ ಒಂದು ಸಾಲು ಮೂಟೆ ಹೆಚ್ಚಾಗಿ ಹಿಡಿಯುತ್ತದೆ. ತೋಟದ ಅಂಗಳದಲ್ಲಿ ಸಿಲ್ವರ್ ಓಕಿನ ನಾಟಾ ತುಂಬಿಕೊಂಡು ಹಿಂದುಮುಂದಾಗಿ ತಿರುಗಿಸಿಕೊಳ್ಳಬೇಕಾದಾಗ ಈ ವ್ಯತ್ಯಾಸ ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. 127 ಅಂಗುಲದ ಆ ಪೀಟರ್‌ಬಿಲ್ಟನ್ನು ತಂದು ಬಾಳೆಹೊನ್ನೂರಿನ ಯಾವುದಾದರೊಂದು ತೋಟದ ಗೇಟಿನೊಳಕ್ಕೆ ನುಗ್ಗಿಸಿದರೆ, ಅದನ್ನು ಹೊರಕ್ಕೆ ತೆಗೆಯುವುದಕ್ಕೆ ತೋಟವನ್ನೇ ಅಷ್ಟು ಕಡಿಯಬೇಕಾದೀತು.

ಮೂಗಿನ ಪಕ್ಷದಲ್ಲಿ ಹೇಳಬೇಕಾದ ಒಂದು ಮಾತು ಮಾತ್ರ ಬಲವಾದದ್ದು. ಮುಚ್ಚಳವನ್ನೆತ್ತಿದರೆ ಎಂಜಿನ್ನು ಎರಡು ಕಡೆಯಿಂದಲೂ ಕೈಗೆ ಸಿಕ್ಕುತ್ತದೆ. ನೆಲದ ಮೇಲೆ ನಿಂತೇ ನಾಝಲ್ ಬಿಚ್ಚಬಹುದು. ಹಳೆಯ ಚಪ್ಪಟೆ ಲಾರಿಯಲ್ಲಿ ಚಾಲಕನಿಗೂ ಕ್ಲೀನರಿಗೂ ನಡುವೆ ಉಬ್ಬಿ ನಿಂತ ಎಂಜಿನ್ ಮುಚ್ಚಳವನ್ನು ತೆಗೆದು, ಮೊಣಕಾಲೂರಿ, ಕಾದ ಕಬ್ಬಿಣದೊಳಕ್ಕೆ ಕೈಹಾಕಬೇಕಾಗಿದ್ದಿತು. ಕರಾವಳಿಯ ಚೈತ್ರದಲ್ಲಿ ಆ ಮುಚ್ಚಳ ನರಕ. ಶೃಂಗೇರಿಯ ಆಷಾಢದಲ್ಲಿ ಅದೇ ಒದ್ದೆ ಟವೆಲನ್ನು ಒಣಗಿಸುವ ಭಾಗ್ಯ.

ನಮ್ಮ ಸೀಮೆಯಲ್ಲಿ ಆ ಜಾಗತಿಕ ವ್ಯಾಜ್ಯ ಬೆಂಜ್ ಮೇಲೋ ಲೇಲ್ಯಾಂಡ್ ಮೇಲೋ ಎಂಬ ರೂಪವನ್ನು ತಾಳಿತು. ಎರಡೂ ಯೂರೋಪಿನ ಸಂತಾನವಾದರೂ ಅಭಿಮಾನಿಗಳ ವಾಗ್ವಾದಕ್ಕೆ ಅದು ಅಡ್ಡಿಯಾಗಲಿಲ್ಲ. ಲೇಲ್ಯಾಂಡ್ ನಿಧಾನಿ, ಸ್ಟೇರಿಂಗ್ ತಿರುಗಿಸುವುದಕ್ಕೆ ರಟ್ಟೆ ಬೇಕು, ಗೇರಿಗೆ ಡಬಲ್ ಕ್ಲಚ್ಚು ಬೇಕು, ಆದರೆ ಪೂರ್ತಿ ಲೋಡಿನಲ್ಲಿ ಏರಿನ ನಡುವೆ ಎಂಜಿನ್ನಿನ ಸದ್ದು ತಗ್ಗುತ್ತ ತಗ್ಗುತ್ತ ಇನ್ನೇನು ನಿಂತಿತು ಎನ್ನುವಾಗಲೂ ಅದು ಎಳೆಯುವುದನ್ನು ಬಿಡದೆಂಬುದು ಅದರ ಕೀರ್ತಿ. ಬೆಂಜ್ ಚುರುಕು, ಹಗುರ, ಬೇಗ ಮುನಿಯುವುದು, ಬೇಗ ಒಲಿಯುವುದು. ಏರಿನಲ್ಲಿ ನನ್ನ ಮತ ಲೇಲ್ಯಾಂಡಿಗೆ. ಆದರೂ ಬೆಂಜ್ ಗೆದ್ದಿತು. ಗೆಲ್ಲಿಸಿದವರು ಶಿವಮೊಗ್ಗೆಯ ಆಟೋ ಕಾಂಪ್ಲೆಕ್ಸಿನಲ್ಲಿ ಬಿಡಿಭಾಗ ಮಾರುವವರು, ಮತ್ತು ಕೊಪ್ಪ ಜಯಪುರಗಳ ರಸ್ತೆಬದಿಯ ಶೆಡ್ಡಿನಲ್ಲಿ ಎಂಥ ಹೊತ್ತಿನಲ್ಲಾದರೂ ಅದನ್ನು ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು. ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಪಡೆಯುವವನಿಗೆ ಲಾರಿ ನಿಂತ ದಿನ ಅನ್ನ ನಿಂತ ದಿನವಾದ್ದರಿಂದ, ಅವನ ಪ್ರೀತಿ ಬೇಗ ದುರಸ್ತಿಯಾಗುವ ಯಂತ್ರದ ಕಡೆಗೇ ಹರಿಯಿತು. ಇಲ್ಲಿನ ಆಕರ್ಷಣೆಯ ಬೇರು ಇದು. ಸೌಂದರ್ಯವೂ ಶಕ್ತಿಯೂ ಆಮೇಲಿನವು.

ಒಡೆತನದ ಹಂಬಲ ಈ ನೆಲದಲ್ಲಿ ಫಲಿಸಲೇ ಇಲ್ಲವೆನ್ನಲಾಗದು. ಕೊಪ್ಪದ ಶಂಕರ್ ಕಂಪನಿಯ ಬಸ್ಸುಗಳನ್ನು ಓಡಿಸುತ್ತಿದ್ದ ಕಾರ್ಮಿಕರು 1991ರಲ್ಲಿ ತಾವೇ ಸಂಘವಾಗಿ ಕೂಡಿ ಕಟ್ಟಿದ ಸಹಕಾರ ಸಾರಿಗೆ, ಈ ಮೂರು ತಾಲ್ಲೂಕುಗಳ ಹಳ್ಳಿಹಳ್ಳಿಗೆ ಸುಮಾರು ಮೂರು ದಶಕಗಳ ಕಾಲ ಬಸ್ಸು ಓಡಿಸಿ, ನಷ್ಟದ ಭಾರವನ್ನು ತಾಳಲಾರದೆ 2020ರಲ್ಲಿ ನಿಂತಿತು. ಬಸ್ಸಿನ ಮಾತು ಲಾರಿಯ ವಿಮರ್ಶೆಯಲ್ಲೇಕೆಂದರೆ, ಎರಡಕ್ಕೂ ಟಾಟಾ, ಲೇಲ್ಯಾಂಡುಗಳ ಚಾಸಿಯೇ ಆಧಾರ. ಮತ್ತು ಓಡಿಸುವವನೇ ಒಡೆಯನಾಗುವ ಅಮೆರಿಕದ ಆ ಸ್ವಪ್ನವನ್ನು ಕ್ರೋಮಿಯಂ ಇಲ್ಲದೆ, ಒಂಟಿತನವಿಲ್ಲದೆ, ಲಾಭನಷ್ಟಗಳನ್ನು ಹಂಚಿಕೊಂಡು ನಡೆಸಿ ತೋರಿದ್ದು ಆ ಸಂಘ. ನನ್ನ ದೃಷ್ಟಿಯಲ್ಲಿ ಇದು ಕೆನ್‌ವರ್ತ್‌ನ ಒಂಟಿ ಸವಾರಿಗಿಂತ ಹಿರಿದಾದ ಸಾಹಸ.

ಉಳಿದವರ ಪಾಲಿಗೆ ಒಡೆತನವೆಂಬುದು ಅಲಂಕಾರದಲ್ಲಿ ಮಾತ್ರ ದಕ್ಕಿತು. ಹಣೆಯ ಮೇಲೆ ಶ್ರೀ ಶಾರದಾಂಬಾ ಪ್ರಸನ್ನ, ಆಯುಧಪೂಜೆಗೆ ಬಾಳೆಕಂದು, ಚಕ್ರದಡಿಗೆ ನಿಂಬೆಹಣ್ಣು. ಇದನ್ನು ಕುರುಡು ನಂಬಿಕೆಯೆಂದು ನಗುವವರು ಪೀಟರ್‌ಬಿಲ್ಟಿನ ಹೊಗೆಕೊಳವೆಯನ್ನು ಉಜ್ಜಿ ಮುಖ ನೋಡಿಕೊಳ್ಳುವವನನ್ನೂ ನೋಡಿ ನಗಬೇಕಾದೀತು. ನಾನು ಆಕ್ಷೇಪಿಸುವುದು ಬೇರೆಯದನ್ನು. ಯೂರೋಪಿನಿಂದ ಎಂಜಿನ್ನನ್ನೂ ಗೇರನ್ನೂ ತಂದ ನಮ್ಮ ಉದ್ಯಮವು, ಆ ನಾಡು ಚಾಲಕನಿಗಿತ್ತ ಕೊಠಡಿಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದಿತು. ದಶಕಗಳ ಕಾಲ ಲಾರಿಯೆಂದು ಮಾರಿದ್ದು ಬಹುಮಟ್ಟಿಗೆ ಬರಿಯ ಚಾಸಿ. ಬಾಗಿಲು, ಮಾಡು, ಆಸನಗಳನ್ನು ಮರದಲ್ಲಿ ಕಟ್ಟಿಕೊಟ್ಟವರು ಬಾಡಿ ಕಟ್ಟುವ ಬಡಗಿಗಳು. ಅವರ ಕೌಶಲಕ್ಕೆ ನಮಸ್ಕಾರ. ಆದರೆ ಡಿಕ್ಕಿಯಾದರೆ ಚೂರಾಗುವ ಹಲಗೆಯ ಪೆಟ್ಟಿಗೆಯೊಳಗೆ, ಎಂಜಿನ್ನಿನ ಕಾವಿನ ಪಕ್ಕದಲ್ಲಿ, ಗಟ್ಟಿ ಹಲಗೆಯ ಮೇಲೆ ಮನುಷ್ಯನನ್ನು ಕೂರಿಸಿ, ಡೀಸೆಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಘಾಟಿಯಿಳಿಯುವ ದುರಭ್ಯಾಸವನ್ನು ಅವನಿಗೆ ಕಲಿಸಿದ ಅರ್ಥವ್ಯವಸ್ಥೆಗೆ ಆ ನಮಸ್ಕಾರ ಸಲ್ಲದು.

1998ರಲ್ಲಿ ಹೊಸಕೋಟೆಯಿಂದ ವೋಲ್ವೊ ಲಾರಿಗಳು ಹೊರಟಾಗ, 2012ರಲ್ಲಿ ಡೈಮ್ಲರ್ ಭಾರತ್‌ಬೆಂಜ್ ಎಂಬ ಹೆಸರಿನಿಂದ ಮರಳಿದಾಗ, ಆ ಬಿಟ್ಟುಬಂದ ಕೊಠಡಿ ಕಡೆಗೂ ಬಂದು ಸೇರಿತು. ಅಮೆರಿಕದ ನೇವಿಸ್ಟಾರ್ ಮಹೀಂದ್ರದೊಡನೆ ಕೂಡಿ ಮತ್ತೊಮ್ಮೆ ಅದೃಷ್ಟ ಪರೀಕ್ಷಿಸಿತಾದರೂ, ಇಲ್ಲಿ ಅದು ಮಾರಿದ ಲಾರಿಗೆ ಮೂಗಿರಲಿಲ್ಲ; ಕೆಲವೇ ವರ್ಷಗಳಲ್ಲಿ ತನ್ನ ಪಾಲನ್ನು ಮಹೀಂದ್ರಕ್ಕೆ ಒಪ್ಪಿಸಿ ಹೊರಟುಹೋಯಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕೊಠಡಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಘಾಟಿಯಲ್ಲಿ ಗಾಜು ಇಳಿಸಿಕೊಂಡು ಎದುರು ಬರುವ ವಾಹನದ ಹಾರನ್ನನ್ನೂ ತನ್ನ ಬ್ರೇಕಿನ ಕಮಟನ್ನೂ ಗಮನಿಸುತ್ತಲೇ ಬದುಕಿದ ಹಳೆಯ ಚಾಲಕನು ಇದಕ್ಕೆ ಹುಬ್ಬು ಗಂಟಿಕ್ಕಿದರೆ, ಅವನ ವಾದದಲ್ಲಿ ಹುರುಳಿಲ್ಲದಿಲ್ಲ. ತಿರುವಿನಲ್ಲಿ ಗಾಜು ಇಳಿಸಲು ಯಾರ ಅಡ್ಡಿಯೂ ಇಲ್ಲವೆಂಬುದು ಅವನಿಗೆ ನನ್ನ ಉತ್ತರ. ಕಾರ್ಕಳದ ಬಿಸಿಲಿನಲ್ಲಿ ಲೋಡಿಗಾಗಿ ಸರತಿ ಕಾಯುವ ಅಷ್ಟೂ ಹೊತ್ತು ಅವನ ಮಗನ ವಯಸ್ಸಿನ ಚಾಲಕನು ತಣ್ಣಗೆ ಕೂರಬಹುದಾದರೆ, ಮೂಗಿನ ಉದ್ದವನ್ನು ಕುರಿತ ವ್ಯಾಜ್ಯವನ್ನು ಬೇಕಾದವರು ಮುಂದುವರಿಸಿಕೊಳ್ಳಲಿ.