ಪುಟ್ಟ ಕೈಗಳ ಹೆಣಿಗೆ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳಲ್ಲಿ ಹೆಣಿಗೆ ಬಿಡುವಿನ ಹವ್ಯಾಸವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಗಂಡಸರು ಮೀನು ಹಿಡಿಯಲು ಹೋದರೆ, ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು, ನಡೆಯುತ್ತಲೇ ಹೆಣೆಯುತ್ತಿದ್ದರು.

ಅದರ ಗುಟ್ಟು ಒಂದು ಸೊಂಟಪಟ್ಟಿಯಲ್ಲಿದೆ. ಕುದುರೆಕೂದಲು ತುಂಬಿದ ಚರ್ಮದ ಮೆತ್ತೆ, ಮೈತುಂಬ ತೂತು. ಎರಡೂ ಕಡೆ ಚೂಪಾದ ಉದ್ದನೆಯ ಕಡ್ಡಿಯ ಒಂದು ತುದಿಯನ್ನು ತೂತಿಗೆ ಸಿಕ್ಕಿಸಿದರೆ ಭಾರವೆಲ್ಲ ಮೆತ್ತೆಗೆ; ಬೆರಳುಗಳಿಗೆ ಕುಣಿಕೆ ಹಾಕುವ ಕೆಲಸವಷ್ಟೇ.

2010ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಖರ್ಚು ಉಳಿಸಲು ಶಾಲೆಗಳಲ್ಲಿ ಕಲಿಸುತ್ತಿದ್ದ ಈ ಹೆಣಿಗೆಯ ಪಾಠವನ್ನೇ ಕೈಬಿಟ್ಟಿತು. ಉಳಿತಾಯಕ್ಕೆ ಸಿಕ್ಕಿದ್ದೇ ಇದು! ಆಮೇಲೆ ಊರಿನ ಅನುಭವಿಗಳೇ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆ ಉಚಿತ ತರಗತಿಗಳ ಹೆಸರು ‘ಪೀರಿ ಮ್ಯಾಕರ್ಸ್’. ದ್ವೀಪದ ಆಡುಮಾತಿನಲ್ಲಿ ‘ಪೀರಿ’ ಎಂದರೆ ಪುಟ್ಟ, ‘ಮ್ಯಾಕರ್’ ಎಂದರೆ ಹೆಣೆಯುವವರು.

ಪಕ್ಕದಲ್ಲೇ ಕೂತು ಕಲಿಯಬೇಕಾದ ವಿದ್ಯೆಯಿದು. ಈ ದ್ವೀಪಗಳ ಹೆಸರಾಂತ ಫೇರ್ ಐಲ್ ವಿನ್ಯಾಸವನ್ನೇ ನೋಡಿ. ಸ್ವೆಟರ್ ತುಂಬ ಹತ್ತಾರು ಬಣ್ಣವಿದ್ದರೂ ಒಂದು ಸಾಲಿಗೆ ಸಾಮಾನ್ಯವಾಗಿ ಎರಡೇ ನೂಲು. ಒಂದು ಹೆಣೆಯುವಾಗ ಇನ್ನೊಂದು ಹಿಂಬದಿಯಲ್ಲಿ ಸಾಗಬೇಕು. ಎಳೆ ಬಿಗಿಯಾದರೆ ಬಟ್ಟೆ ಮುದುಡುತ್ತದೆ, ಸಡಿಲಾದರೆ ತೊಡುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಎಷ್ಟು ಬಿಗಿ ಎಂಬುದನ್ನು ಯಾವ ಪುಸ್ತಕ ಹೇಳೀತು? ಕಲಿಸುವವರು ಮಗು ಹೆಣೆದ ಟೋಪಿಯನ್ನು ಒಳಹೊರಗು ಮಾಡಿ, ಹಿಂಬದಿಯ ಎಳೆಗಳ ಮೇಲೆ ಹೆಬ್ಬೆರಳು ಸವರಿ ನೋಡಬೇಕಷ್ಟೇ.