ಒಬ್ಬ ನರ್ಸು, ಹದಿನೈದು ಕೂಸು

2018ರ ಸೆಪ್ಟೆಂಬರಿನಲ್ಲಿ ಕೀನ್ಯಾದ ನೈರೋಬಿಯ ಆಗಿನ ಗವರ್ನರ್ ಮೈಕ್ ಸೊಂಕೊ ಹೇಳದೆ ಕೇಳದೆ ಪುಮ್ವಾನಿ ಹೆರಿಗೆ ಆಸ್ಪತ್ರೆಗೆ ಹೋದರು. ಪೆಟ್ಟಿಗೆಗಳಲ್ಲಿ ಇಟ್ಟಿದ್ದ ಹನ್ನೆರಡು ಹಸುಗೂಸುಗಳ ಶವ ಸಿಕ್ಕಿತೆಂದು ಸಾರಿದರು. ಆಸ್ಪತ್ರೆಯ ಮೇಲಧಿಕಾರಿಗಳು ಅಮಾನತಾದರು. 1926ರಷ್ಟು ಹಳೆಯದಾದ, ನಗರದ ಪೂರ್ವಭಾಗದ ಬಡವರು ತಲೆಮಾರುಗಳಿಂದ ನೆಚ್ಚಿಕೊಂಡ ಆಸ್ಪತ್ರೆ ಅದು. ಜನ ಸಿಟ್ಟಾದರು, ಸಿಟ್ಟು ನ್ಯಾಯವಾಗಿಯೂ ಇತ್ತು. ಆದರೆ ಇಂಥ ಸಿಟ್ಟು ಎಲ್ಲೆಡೆ ಒಂದೇ ದಾರಿ ಹಿಡಿಯುತ್ತದೆ: ಒಳಗಿರುವವರಿಗೆ ಕರುಣೆಯಿಲ್ಲ, ಭಯವಿಲ್ಲ, ನಾಲ್ಕು ಜನರನ್ನು ಮನೆಗೆ ಕಳಿಸಿದರೆ ಉಳಿದವರು ನೆಟ್ಟಗಾಗುತ್ತಾರೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಕೂಸು ಸತ್ತಾಗಲೂ ಕೇಳುವ ಮಾತು ಇದೇ.

ಈ ಮಾತು ತಪ್ಪು. ನರ್ಸುಗಳ ಮೇಲಿನ ಮರುಕದಿಂದ ಹೀಗೆ ಹೇಳುತ್ತಿಲ್ಲ. ಅವರನ್ನು ಬೈದು ಮುಗಿಸಿದಾಗಲೆಲ್ಲ ನಿಜವಾಗಿ ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ಪುಮ್ವಾನಿಯ ಗದ್ದಲ ಏಳುವ ಹೊತ್ತಿಗೆ ಅದೇ ನಗರದಲ್ಲಿ ಇನ್ನೊಂದು ಬಗೆಯ ಪರಿಶೀಲನೆ ಸದ್ದಿಲ್ಲದೆ ನಡೆದಿತ್ತು. ಕೆಮ್ರಿ-ವೆಲ್‌ಕಮ್ ಟ್ರಸ್ಟ್ ಸಂಶೋಧನಾ ಕಾರ್ಯಕ್ರಮದ ಡೇವಿಡ್ ಗಥಾರಾ ಮತ್ತು ಸಂಗಡಿಗರು 2017-18ರಲ್ಲಿ ನೈರೋಬಿಯ ಆರು ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ 216 ಕೂಸುಗಳ ಆರೈಕೆಯನ್ನು ಕಣ್ಣಾರೆ ನೋಡಿ ದಾಖಲಿಸಿದರು. ಜ್ವರ ನೋಡಿದರೇ, ಉಸಿರು ಎಣಿಸಿದರೇ, ಹಾಲು ಕೊಟ್ಟರೇ, ಡ್ರಿಪ್ ಸರಿಯಾಗಿ ಇಳಿಯುತ್ತಿದೆಯೇ ಎಂದು ಪರೀಕ್ಷಿಸಿದರೇ, ಕೈ ತೊಳೆದರೇ ಎಂಬುದನ್ನೆಲ್ಲ ಒಂದೊಂದಾಗಿ ಗುರುತು ಹಾಕಿದರು. ಆಗಬೇಕಿದ್ದ ಕೆಲಸದಲ್ಲಿ ದೊಡ್ಡ ಪಾಲು ಆಗಿರಲಿಲ್ಲ. ಹೀಗೆ ಬಿಟ್ಟುಹೋಗುವ ಆರೈಕೆಯನ್ನು ಅಮೆರಿಕದ ಬಿಯಾಟ್ರಿಸ್ ಕಾಲಿಶ್ 2006ರಲ್ಲೇ ಪ್ರತ್ಯೇಕ ಅಧ್ಯಯನದ ವಿಷಯವನ್ನಾಗಿ ಮಾಡಿದ್ದರು. ಅಂದರೆ ಇದು ಬಡದೇಶಗಳ ರೋಗವೂ ಅಲ್ಲ, ಆಫ್ರಿಕಾದ ಗುಣವೂ ಅಲ್ಲ.

ಲೆಕ್ಕ ಹಾಕಿ ನೋಡೋಣ. ನೈರೋಬಿಯ ಸರ್ಕಾರಿ ಘಟಕಗಳಲ್ಲಿ ಒಬ್ಬ ನರ್ಸಿಗೆ ಹದಿನೈದು ಕೂಸು ಎಂಬುದು ಉತ್ಪ್ರೇಕ್ಷೆಯಲ್ಲ. ಮೂಗಿನ ನಳಿಕೆಯಿಂದ ಹಾಲು ಕುಡಿಯುವ ಕೂಸಿಗೆ ಮೂರು ಗಂಟೆಗೊಮ್ಮೆ ಕೊಡಬೇಕು, ಹನ್ನೆರಡು ತಾಸಿನ ಶಿಫ್ಟಿನಲ್ಲಿ ನಾಲ್ಕು ಸಲ. ಹದಿನೈದೂ ಕೂಸು ಅಂಥವೇ ಆದರೆ ಅರವತ್ತು ಸಲ. ಒಂದಕ್ಕೆ ಹತ್ತೇ ನಿಮಿಷ ಹಿಡಿದರೂ ಆರುನೂರು ನಿಮಿಷ. ಇಡೀ ಶಿಫ್ಟಿನಲ್ಲಿರುವುದು ಏಳುನೂರ ಇಪ್ಪತ್ತು. ಉಳಿದ ಎರಡು ಗಂಟೆಯಲ್ಲಿ ಇಂಜೆಕ್ಷನ್ನು, ಆಕ್ಸಿಜನ್ನು, ಕಾಮಾಲೆಯ ದೀಪ, ಹೊಸದಾಗಿ ಸೇರಿದ ಕೂಸು, ಉಸಿರು ನಿಂತ ಕೂಸು, ಅಳುವ ತಾಯಿ, ಬರೆಯಬೇಕಾದ ಕಾಗದ, ಊಟ. ಈ ಲೆಕ್ಕದಲ್ಲಿ ಕರುಣೆಯನ್ನು ಎಲ್ಲಿ ಸೇರಿಸಿದರೆ ಹೆಚ್ಚುವರಿ ನಿಮಿಷ ಹುಟ್ಟುತ್ತದೆ?

ಎಲ್ಲವನ್ನೂ ಮಾಡಲಾಗದಾಗ ನರ್ಸು ಆರಿಸಿಕೊಳ್ಳುತ್ತಾಳೆ. ಇಂಜೆಕ್ಷನ್ನಿಗೆ ಹೊತ್ತು ನಿಗದಿಯಾಗಿದೆ, ಚಾರ್ಟಿನಲ್ಲಿ ಅದಕ್ಕೊಂದು ಮನೆಯಿದೆ, ಡಾಕ್ಟರು ಕೇಳುತ್ತಾರೆ. ಕೂಸಿನ ಪಕ್ಕ ನಿಂತು ಮೈಬಣ್ಣ ಮಂಕಾಗುತ್ತಿದೆಯೇ ಎಂದು ನೋಡಿದ್ದನ್ನು ಯಾರೂ ಕೇಳುವುದಿಲ್ಲ. ಜೇಕಬ್ ಮೆಕ್‌ನೈಟ್ ಮತ್ತು ಸಹೋದ್ಯೋಗಿಗಳು ಕೀನ್ಯಾದ ನವಜಾತ ಘಟಕಗಳ ನರ್ಸುಗಳ ಜೊತೆಗಿದ್ದು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಯಾವ ಕೂಸಿನ ಕಡೆ ಮೊದಲು ಹೋಗಬೇಕೆಂಬ ವಿಂಗಡಣೆ ಅವರಿಗೇ ಅರಿವಿಲ್ಲದಂತೆ ನಡೆಯುತ್ತದೆ ಎಂದು ತೋರಿಸಿತು. ಹೊರಗಿನವರು ಕಲ್ಲೆದೆ ಎನ್ನುವುದು ಬಹುಪಾಲು ಈ ವಿಂಗಡಣೆಯನ್ನೇ. ಆರೈಕೆಗೆ ಪಡಿತರ ಹಾಕುವ ತೀರ್ಮಾನ ಬಜೆಟ್ ಕಚೇರಿಯಲ್ಲಿ ಆಗುತ್ತದೆ. ಅದನ್ನು ಕೂಸುಗಳ ನಡುವೆ ಹಂಚುವ ಪಾಪದ ಕೆಲಸ ಮಾತ್ರ ರಾತ್ರಿ ಪಾಳಿಯ ನರ್ಸಿನದು.

ಬೈಯುವುದನ್ನು ಬಿಟ್ಟ ಸಭ್ಯರ ಬಳಿ ಬೇರೆ ಉತ್ತರಗಳಿವೆ. ಮೊದಲನೆಯದು, ಹೆರಿಗೆಯನ್ನು ಆಸ್ಪತ್ರೆಗೆ ತಂದರೆ ಸಾಕು ಎಂಬುದು. ಕೀನ್ಯಾ 2013ರಲ್ಲಿ ಸರ್ಕಾರಿ ಹೆರಿಗೆಯನ್ನು ಉಚಿತ ಮಾಡಿತು. 2014ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆಸ್ಪತ್ರೆ ಹೆರಿಗೆ ನೂರಕ್ಕೆ 61ರಷ್ಟಿತ್ತು, 2022ರಲ್ಲಿ 82ಕ್ಕೆ ಏರಿತು. ಹುಟ್ಟಿದ ತಿಂಗಳೊಳಗೆ ಸಾಯುವ ಕೂಸುಗಳು ಅದೇ ಅವಧಿಯಲ್ಲಿ ಸಾವಿರಕ್ಕೆ 22ರಿಂದ ಇಳಿದದ್ದು 21ಕ್ಕೆ. ತಾಯಂದಿರು ತಮ್ಮ ಪಾಲಿನ ಮಾತು ನಡೆಸಿಕೊಟ್ಟರು. ಬಾಗಿಲಿನ ಒಳಗೆ ಕಾಯುವ ಕೈಗಳು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ.

ಎರಡನೆಯದು ಯಂತ್ರ. ದಾನಿಗಳಿಗೂ ಮಂತ್ರಿಗಳಿಗೂ ಪ್ರಿಯವಾದ ಉತ್ತರ ಇದು, ಏಕೆಂದರೆ ಯಂತ್ರಕ್ಕೆ ರಿಬ್ಬನ್ ಕತ್ತರಿಸಬಹುದು. ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಅವಧಿಗೆ ಮುನ್ನ ಹುಟ್ಟಿದ ಕೂಸನ್ನು ನಿಜಕ್ಕೂ ಉಳಿಸುತ್ತದೆ. ಆದರೆ ಮೂಗಿನ ಕೊಳವೆ ಜಾರಿತೇ, ಮೂಗಿನ ನಡುಗೋಡೆ ಗಾಯವಾಯಿತೇ ಎಂದು ಮತ್ತೆ ಮತ್ತೆ ನೋಡುವವರು ಬೇಕು. ಆಕ್ಸಿಜನ್ನು ಅಳತೆ ಮೀರಿದರೆ ಅಂಥ ಕೂಸಿನ ಕಣ್ಣೇ ಹೋಗಬಹುದು. ಪ್ರತಿ ಹೊಸ ಯಂತ್ರ ನರ್ಸಿನ ಕೆಲಸವನ್ನು ಹೆಚ್ಚಿಸುತ್ತದೆ, ಕಡಿಮೆ ಮಾಡುವುದಿಲ್ಲ.

ಮೂರನೆಯ ಉತ್ತರ ತಾಯಿ. ಕಾಂಗರೂ ಆರೈಕೆಯ ಬಲ ಸಾಬೀತಾಗಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿದ ತಕ್ಷಣ ತಾಯಿಯ ಎದೆಗೆ ಕಟ್ಟಿದ ಕಡಿಮೆ ತೂಕದ ಕೂಸುಗಳ ಸಾವು ಕಾಲುಭಾಗದಷ್ಟು ತಗ್ಗಿತು. ಆದರೆ ಕೂಸನ್ನು ಕಟ್ಟುವುದು ಹೇಗೆಂದು ಕಲಿಸಲು, ಉಸಿರು ತಪ್ಪಿದಾಗ ಓಡಿ ಬರಲು ನರ್ಸು ಬೇಕು. ಸಿಸೇರಿಯನ್ ಗಾಯ ಮಾಗದ ಬಾಣಂತಿಯ ಕೈಗೆ ನಳಿಕೆಯನ್ನು ಕೊಟ್ಟು, ಇದನ್ನೇ ತಾಯಿಯ ಪಾಲ್ಗೊಳ್ಳುವಿಕೆ ಎಂದು ಹೊಗಳುವುದು ಮೋಸ. ಸಂಬಳವಿಲ್ಲದ ನರ್ಸಾಗಿ ಅವಳನ್ನು ದುಡಿಸಿಕೊಂಡಂತೆಯೇ ಅದು.

ಇಷ್ಟಾದ ಮೇಲೆ ಬರುವ ಮಾತು: ನರ್ಸುಗಳೇ ಸಿಗುವುದಿಲ್ಲವಲ್ಲ? 2021ರ ಜುಲೈನಲ್ಲಿ ಕೀನ್ಯಾ ಬ್ರಿಟನ್ನಿನ ಜೊತೆ ಮಾಡಿಕೊಂಡ ಒಪ್ಪಂದ ಇದಕ್ಕೆ ಉತ್ತರ. ದೇಶದಲ್ಲಿ ಕೆಲಸ ಸಿಗದ ನರ್ಸುಗಳನ್ನು ಅಲ್ಲಿಗೆ ಕಳಿಸುವ ಒಪ್ಪಂದ ಅದು. ಕಲಿತವರು ಮನೆಯಲ್ಲಿದ್ದಾರೆ, ವಾರ್ಡಿನಲ್ಲಿ ಹುದ್ದೆ ಖಾಲಿ ಇದೆ. ಕೊರತೆ ಇರುವುದು ನೇಮಕಾತಿ ಆದೇಶದ್ದು. 2017ರಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ನರ್ಸುಗಳು ಮುಷ್ಕರ ಹೂಡಿದ್ದರ ಹಿಂದೆಯೂ ಸಂಬಳ ಮತ್ತು ವೇತನ ಒಪ್ಪಂದದ ಪಾಲನೆಯ ಪ್ರಶ್ನೆಯೇ ಇತ್ತು.

ಹಾಗಾದರೆ ನರ್ಸುಗಳೆಲ್ಲ ನಿರ್ದೋಷಿಗಳೇ? ಅಲ್ಲ. ಹೊಲಸು ಮಾತಾಡುವವರಿದ್ದಾರೆ, ಮಾಡದ ಕೆಲಸವನ್ನು ಮಾಡಿದ್ದೇನೆಂದು ಬರೆಯುವವರಿದ್ದಾರೆ. ಅವರನ್ನು ಶಿಕ್ಷಿಸಲೇಬೇಕು. ಆದರೆ ಒಬ್ಬಳಿಗೆ ಮೂರು ಕೂಸು ಇದ್ದಾಗ ಮಾತ್ರ ಯಾರು ಸೋಮಾರಿ, ಯಾರು ಸೋತವಳು ಎಂದು ಬೇರ್ಪಡಿಸಬಹುದು. ಹದಿನೈದು ಇದ್ದಲ್ಲಿ ಇಬ್ಬರೂ ಒಂದೇ ರೀತಿ ಕಾಣುತ್ತಾರೆ, ಸೋಮಾರಿಗೆ ಅದೇ ರಕ್ಷಣೆ.

ನಮ್ಮ ದೇಶದ ನಿಯಮ ಎಸ್‌ಎನ್‌ಸಿಯುಗಳಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಲ್ಲಿ, ಮೂರು-ನಾಲ್ಕು ಹಾಸಿಗೆಗೆ ಒಬ್ಬ ನರ್ಸು ಎನ್ನುತ್ತದೆ. ಅದು ಪಾಲನೆಯಾಗುತ್ತಿದೆಯೇ ಎಂದು ತಿಳಿಯುವ ದಾರಿ ದುಬಾರಿಯದಲ್ಲ. ನೈರೋಬಿಯಲ್ಲಾಗಲಿ ರಾಯಚೂರಿನಲ್ಲಾಗಲಿ, ಪ್ರತಿ ಶಿಫ್ಟಿನ ಆರಂಭದಲ್ಲಿ ಘಟಕದ ಬಾಗಿಲ ಮೇಲೆ ಎರಡು ಸಂಖ್ಯೆ ಬರೆಯಲಿ: ಒಳಗಿರುವ ಕೂಸುಗಳೆಷ್ಟು, ನರ್ಸುಗಳೆಷ್ಟು. ಕೂಸು ಸತ್ತರೆ ಮರಣದ ವರದಿಯಲ್ಲೂ ಆ ಎರಡು ಸಂಖ್ಯೆ ಇರಲಿ. ಕೆಳಗೆ ಸಹಿ ಹಾಕಬೇಕಾದವರು ಆ ಹುದ್ದೆಗಳನ್ನು ಖಾಲಿ ಬಿಟ್ಟವರು.